ಕಲಿವಿಕೋಡಿಯ ಅಜ್ಞಾತವಾಸ

ಕೋಲಾರ ಸೀಮೆಯ ಮೂಡಣ ಎಲ್ಲೆಯನ್ನು ದಾಟಿ ಕಡಪಾ ಪ್ರಾಂತಕ್ಕೆ ಹೋಗಿ ಬಂದ ಶ್ರೋತೃಗಳಿಗೆ ಅಲ್ಲಿನ ನೆಲದ ಪರಿಚಯವಿರಬಹುದು: ಕಲ್ಲುಹರಳಿನ ಭೂಮಿ, ಆಳೆತ್ತರದ ಮುಳ್ಳುಪೊದೆ, ಬತ್ತಿದ ಹಳ್ಳ. ಈ ಬರಡು ಕಾಡನ್ನೇ ನೆಚ್ಚಿಕೊಂಡ ಹಕ್ಕಿಯೊಂದುಂಟು. ತೆಲುಗರು ಅದನ್ನು ಕಲಿವಿಕೋಡಿ ಎನ್ನುವರು. ಕಲಿವಿ ಎಂಬುದು ಅಲ್ಲಿಯ ಮುಳ್ಳುಗಿಡ, ಕೋಡಿ ಎಂದರೆ ಕೋಳಿ. ಗಾತ್ರದಲ್ಲಿ ಗೌಜಲಕ್ಕಿಗಿಂತ ಕೊಂಚ ಚಿಕ್ಕದು. ಎದೆಗೆ ಎರಡು ಪಟ್ಟೆ, ಕೊರಳಲ್ಲಿ ಕಾವಿಯ ಛಾಯೆ, ಮುಖಕ್ಕೆ ಮೀರಿದ ಕಣ್ಣು.

ಮದರಾಸು ಸೈನ್ಯದ ವೈದ್ಯರಾಗಿದ್ದ ಜೆರ್ಡನ್ ಎಂಬವರು ಇದನ್ನು ಮೊದಲು ಶೋಧಿಸಿದರು; 1848ರಲ್ಲಿ ಅದರ ವರ್ಣನೆ ಹೊರಬಂದಿತು. ಬ್ಲಾನ್‌ಫೋರ್ಡರು ಗೋದಾವರಿಯ ಕಡೆ ಕಂಡರು. 1900ರಲ್ಲಿ ಅನಂತಪುರದ ಬಳಿ ಕ್ಯಾಂಬೆಲ್ಲರಿಗೆ ದೊರೆತುದೇ ಕಡೆಯದು. ಅಲ್ಲಿಂದಾಚೆಗೆ ಎಂಬತ್ತಾರು ವರ್ಷ ವಿದ್ವಾಂಸರಾರಿಗೂ ಹಕ್ಕಿ ಕಾಣಲಿಲ್ಲ. ಅದು ನಿರ್ವಂಶವಾಯಿತೆಂದೇ ಬಹುಮಂದಿ ಬಗೆದರು.

ಆದರೆ ಈ ಹಕ್ಕಿ ನಿಶಾಚರಿ. ಬಂದೂಕನ್ನೂ ದುರ್ಬೀನನ್ನೂ ಹಿಡಿದು ಹಗಲು ಹೊತ್ತು ಅರಸಿದವರಿಗೆ ಅದು ಸಿಕ್ಕದಿದ್ದುದರಲ್ಲಿ ಸೋಜಿಗವೇನು? 1986ರ ಜನವರಿಯಲ್ಲಿ ಮುಂಬಯಿಯ ಪ್ರಕೃತಿ ಚರಿತ್ರೆ ಸಂಘದ ಭರತ್ ಭೂಷಣರು ಕಡಪಾದ ಲಂಕಮಲೆಯ ಆಸುಪಾಸಿನಲ್ಲಿ ಶೋಧಿಸುತ್ತಿದ್ದಾಗ, ಅದನ್ನು ರಾತ್ರಿ ದೀಪದ ಬೆಳಕಿನಲ್ಲಿ ಜೀವಂತವಾಗಿ ಹಿಡಿದು ತಂದವನು ಆ ಊರಿನ ಬೇಟೆಗಾರನೊಬ್ಬ. ಪಾಪ, ಹಕ್ಕಿ ಹೆಚ್ಚು ಕಾಲ ಬದುಕಲಿಲ್ಲ. ಪುನಃಶೋಧದ ಕೀರ್ತಿಯನ್ನು ಹಂಚುವಾಗ ಆ ಬೇಟೆಗಾರನ ಪಾಲನ್ನು ಮರೆಯಲಾಗದೆಂದು ನನಗೆ ತೋರುತ್ತದೆ.

ನಮ್ಮ ನಾಡಿಗೆ ಸಂಬಂಧಿಸಿದ ಸಂಗತಿಯೂ ಒಂದಿದೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿ 2013ರಲ್ಲಿ ಮೊಟ್ಟೆಯೊಂದು ಬೆಳಕಿಗೆ ಬಂದಿತು. ಅದನ್ನು 1917ರಲ್ಲಿ ಸಂಗ್ರಹಿಸಿದವರು ಕೋಲಾರದ ಚಿನ್ನದ ಗಣಿಯಲ್ಲಿ ಪಶುವೈದ್ಯರಾಗಿದ್ದ ಮೀಟನ್ ಎಂಬವರು. ಹಳೆಯ ಹಕ್ಕಿಯ ಚರ್ಮದೊಡನೆ ವಂಶಧಾತುವನ್ನು ಹೋಲಿಸಿದಾಗ ಅದು ಕಲಿವಿಕೋಡಿಯದೆಂದು ಸ್ಥಿರಪಟ್ಟಿತು; ಈ ಹಕ್ಕಿಯದೆಂದು ಗೊತ್ತಾದ ಏಕೈಕ ಮೊಟ್ಟೆ ಅದು. ಗಣಿಯ ದಿಬ್ಬಗಳ ಸುತ್ತಣ ಕುರುಚಲಿನಲ್ಲಿ ಹಕ್ಕಿ ಗೂಡು ಮಾಡಿತ್ತೋ, ಮೊಟ್ಟೆ ಬೇರೆಡೆಯಿಂದ ಬಂದಿತೋ, ಕೋಲಾರದ ಹೆಸರಂತೂ ಅದರ ಚರಿತ್ರೆಯಲ್ಲಿ ನಿಂತಿದೆ.

1988ರಲ್ಲಿ ಲಂಕಮಲೆಯು ಅಭಯಾರಣ್ಯವಾಯಿತು. ತರುವಾಯ ಮದರಾಸಿಗೆ ಕುಡಿಯುವ ನೀರನ್ನೊಯ್ಯುವ ತೆಲುಗು ಗಂಗಾ ಕಾಲುವೆಯ ಅಗೆತ ಆ ಕಾಡಿನತ್ತ ಬಂದಿತು. ಪೇಚಾಟ ನಡೆದು ಕಾಲುವೆಯ ಹಾದಿಯನ್ನು ಬದಲಿಸಬೇಕಾಯಿತು. ಅಷ್ಟಾದರೂ ಸೌದೆ ಕಡಿಯುವವರೂ ಹೊಸ ತೋಟಗಳೂ ಪೊದೆಗಳನ್ನು ನುಂಗುತ್ತಲೇ ಬಂದುವು. ಹಕ್ಕಿ ಮತ್ತೆ ಮರೆಯಾಯಿತು. ಹದಿನೈದು ವರ್ಷಕ್ಕೂ ಮೀರಿದ ಮೌನದ ಬಳಿಕ, 2025ರ ಆಗಸ್ಟಿನಲ್ಲಿ, ಪಕ್ಷಿವೀಕ್ಷಕರು ಅದರ ಕೂಗನ್ನು ಕಡಪಾದ ಇರುಳಿನಲ್ಲಿ ಧ್ವನಿಮುದ್ರಿಸಿಕೊಂಡರು.