ಹಡಗು ಸಾರಿಗೆ ಮತ್ತು ಬಂದರುಗಳ ಸೈಬರ್ ಭದ್ರತೆ

ಹಡಗುಗಳ ಸಂಚಾರಕ್ಕೂ ಬಂದರುಗಳ ಸರಕು ನಿರ್ವಹಣೆಗೂ ಆಧಾರವಾಗಿರುವ ಗಣಕ ಹಾಗೂ ಸಂವಹನ ವ್ಯವಸ್ಥೆಗಳನ್ನು ಅಕ್ರಮ ಪ್ರವೇಶ, ಹುಸಿ ಸಂಕೇತ ಮತ್ತು ಹಾನಿಕಾರಕ ತಂತ್ರಾಂಶಗಳಿಂದ ಕಾಪಾಡುವ ಕಾರ್ಯಕ್ಷೇತ್ರ. ಸುತ್ತಲಿನ ಹಡಗುಗಳು ಎಲ್ಲಿವೆ, ಎತ್ತ ಸಾಗುತ್ತಿವೆ ಎಂಬ ನಿರಂತರ ತಿಳಿವಳಿಕೆಗೆ ಪರಿಸ್ಥಿತಿಯ ಅರಿವು ಎನ್ನುತ್ತಾರೆ. ಈ ಅರಿವು ಕೆಟ್ಟರೆ ಉಳಿದ ಭದ್ರತೆಗೆ ಅರ್ಥವಿರುವುದಿಲ್ಲ.

ಅಂತರರಾಷ್ಟ್ರೀಯ ಯಾನ ಕೈಗೊಳ್ಳುವ, 300 ಗ್ರಾಸ್ ಟನ್ನೇಜ್ ಮತ್ತು ಅದಕ್ಕೂ ದೊಡ್ಡದಾದ ಹಡಗುಗಳು 2004ರ ಅಂತ್ಯದೊಳಗೆ ಸ್ವಯಂಚಾಲಿತ ಗುರುತಿನ ವ್ಯವಸ್ಥೆಯನ್ನು (ಎಐಎಸ್) ಅಳವಡಿಸಿಕೊಳ್ಳುವುದು ಕಡ್ಡಾಯವಾಯಿತು. ಹೆಸರು, ಸ್ಥಾನ, ವೇಗಗಳನ್ನು ವಿಎಚ್‌ಎಫ್ ರೇಡಿಯೊದಲ್ಲಿ ಬಿತ್ತರಿಸುವ ಈ ಸಾಧನ ರೂಪುಗೊಂಡದ್ದು ಡಿಕ್ಕಿ ತಪ್ಪಿಸಲು. ಸಂದೇಶ ಕಳುಹಿಸಿದವರು ಯಾರೆಂದು ದೃಢಪಡಿಸುವ ಏರ್ಪಾಡು ಅದರಲ್ಲಿರಲಿಲ್ಲ. ಜಿಪಿಎಸ್ ಸಂಕೇತದ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. 2013ರಲ್ಲಿ ಟಾಡ್ ಹಂಫ್ರೀಸ್ ನೇತೃತ್ವದ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡವು ಮೆಡಿಟರೇನಿಯನ್ ಸಮುದ್ರದಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಒಂದು ವಿಹಾರನೌಕೆಯನ್ನು ಹುಸಿ ಸಂಕೇತದಿಂದ ದಾರಿ ತಪ್ಪಿಸಿ ತೋರಿಸಿತು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಹಲವು ಹಡಗುಗಳ ಉಪಕರಣಗಳು ತಾವು ಒಳನಾಡಿನ ವಿಮಾನ ನಿಲ್ದಾಣವೊಂದರಲ್ಲಿ ಇರುವುದಾಗಿ ತೋರಿಸಿದಾಗ, ಪ್ರಯೋಗದಲ್ಲಿ ಕಂಡ ಅಪಾಯ ನಿಜವಾದ ಕಡಲಿನಲ್ಲೇ ಎದುರಾಗಿತ್ತು.

ಬಂದರುಗಳ ದೌರ್ಬಲ್ಯ ಬೇರೆ ಬಗೆಯದು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಮಾದಕವಸ್ತು ಕಳ್ಳಸಾಗಣೆದಾರರು ಹ್ಯಾಕರ್‌ಗಳ ನೆರವಿನಿಂದ ಕಂಟೇನರ್‌ಗಳಿರುವ ಜಾಗವನ್ನು ತಿಳಿದುಕೊಂಡು, ನಿಜವಾದ ವಾರಸುದಾರರು ಬರುವ ಮೊದಲೇ ಅವುಗಳನ್ನು ಸಾಗಿಸುತ್ತಿದ್ದುದು 2013ರಲ್ಲಿ ಬಯಲಾಯಿತು. ಆದರೆ ಜಗತ್ತು ಎಚ್ಚೆತ್ತದ್ದು 2017ರ ಜೂನ್ 27ರಂದು. ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಮೂಲಕ ಹರಡಿದ ನಾಟ್‌ಪೆಟ್ಯಾ ಎಂಬ ತಂತ್ರಾಂಶವು ಡೆನ್ಮಾರ್ಕಿನ ಹಡಗು ಸಾರಿಗೆ ಕಂಪನಿ ಮರ್ಸ್ಕ್‌ನ ಗಣಕ ಜಾಲವನ್ನೇ ಅಳಿಸಿಹಾಕಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಸಮೂಹ ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ಸ್ಥಗಿತಗೊಂಡಿತು. ಜಾಲದ ಬಳಕೆದಾರರನ್ನೂ ಅನುಮತಿಗಳನ್ನೂ ನಿಯಂತ್ರಿಸುವ ಸರ್ವರ್‌ಗಳೆಲ್ಲ ನಾಶವಾಗಿದ್ದಾಗ, ವಿದ್ಯುತ್ ಕಡಿತದಿಂದಾಗಿ ಜಾಲದ ಹೊರಗುಳಿದಿದ್ದ ಘಾನಾ ಕಚೇರಿಯ ಒಂದೇ ಒಂದು ಸರ್ವರ್‌ನಲ್ಲಿ ಮಾತ್ರ ಅವುಗಳಲ್ಲಿದ್ದ ದತ್ತಾಂಶ ಸುರಕ್ಷಿತವಾಗಿತ್ತು. ಅಷ್ಟು ದೊಡ್ಡ ಸಂಸ್ಥೆಯ ಪುನಶ್ಚೇತನ ಅಂಥ ಆಕಸ್ಮಿಕವನ್ನು ಅವಲಂಬಿಸಬೇಕಾಗಿ ಬಂದದ್ದು ಆತಂಕದ ಸಂಗತಿ. ಸುಮಾರು 10 ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಕಂಪ್ಯೂಟರ್‌ಗಳನ್ನೂ ಮರುಸ್ಥಾಪಿಸಲಾಯಿತು; ನಷ್ಟವನ್ನು 25ರಿಂದ 30 ಕೋಟಿ ಡಾಲರ್ ಎಂದು ಕಂಪನಿ ಅಂದಾಜಿಸಿತು.

ಈ ದಾಳಿಗೆ ಕೆಲವೇ ದಿನ ಮೊದಲು ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯು, ಹಡಗು ಕಂಪನಿಗಳು ತಮ್ಮ ಸುರಕ್ಷತಾ ನಿರ್ವಹಣೆಯಲ್ಲಿ ಸೈಬರ್ ಅಪಾಯವನ್ನೂ ಸೇರಿಸಿಕೊಳ್ಳಬೇಕೆಂಬ ನಿರ್ಣಯ ಕೈಗೊಂಡಿತ್ತು. ಅದರ ಅನುಷ್ಠಾನ ಆರಂಭವಾದದ್ದು 2021ರಲ್ಲಿ. 2020ರಲ್ಲಿ ಆ ಸಂಸ್ಥೆಯೇ ದಾಳಿಗೆ ತುತ್ತಾಯಿತು. 2023ರ ಜುಲೈನಲ್ಲಿ ಜಪಾನಿನ ನಾಗೋಯಾ ಬಂದರಿನ ಕಂಟೇನರ್ ವ್ಯವಸ್ಥೆಯನ್ನು, ದತ್ತಾಂಶವನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ರ‍್ಯಾನ್ಸಮ್‌ವೇರ್ ಎರಡು ದಿನಗಳಿಗೂ ಹೆಚ್ಚು ಕಾಲ ನಿಲ್ಲಿಸಿತು. ಹಡಗು ಕಟ್ಟುವ ಹಂತದಲ್ಲೇ ಸೈಬರ್ ರಕ್ಷಣೆಯನ್ನು ಅಳವಡಿಸಬೇಕೆಂಬ, ನೌಕಾ ವರ್ಗೀಕರಣ ಸಂಸ್ಥೆಗಳ ಒಕ್ಕೂಟದ ನಿಯಮಗಳು 2024ರ ಜುಲೈ 1ರಿಂದ ನಿರ್ಮಾಣ ಒಪ್ಪಂದವಾದ ಹಡಗುಗಳಿಗಷ್ಟೇ ಕಡ್ಡಾಯವಾಗಿ ಅನ್ವಯಿಸುತ್ತವೆ.