ಒಂದು ಬೂದಿಗುಡ್ಡ, ಹತ್ತು ಶಾಸ್ತ್ರ

ಬಳ್ಳಾರಿಯಿಂದ ಹೊಸಪೇಟೆಯ ಕಡೆ ಹೋಗುವವರಿಗೆ ಕುಡತಿನಿ ಎಂದರೆ ಇವತ್ತು ನೆನಪಾಗುವುದು ಅಲ್ಲಿನ ಉಷ್ಣವಿದ್ಯುತ್ ಸ್ಥಾವರ, ಅದು ಉಗುಳುವ ಹಾರುಬೂದಿ. ಅದೇ ಊರಿನ ಹತ್ತಿರ ಇನ್ನೊಂದು ಬೂದಿಯ ರಾಶಿ ಸುಮಾರು ನಾಲ್ಕು ಸಾವಿರ ವರ್ಷಗಳಿಂದ ಬಿದ್ದುಕೊಂಡಿದೆ. ನೋಡುವವರಿಗೆ ಅದೊಂದು ಬೋಳು ದಿಬ್ಬ. ಕೆದಕಿದರೆ ಬೆಳ್ಳಗಿನ ನುಣುಪು ಬೂದಿ ಸಿಗುತ್ತದೆ, ನಡುನಡುವೆ ಕರಗಿ ಗಟ್ಟಿಯಾದ ಗಾಜಿನಂಥ ಕಿಟ್ಟ ಸಿಗುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿಗಳಲ್ಲಿ, ಗಡಿಯಾಚೆ ಆಂಧ್ರ ಮತ್ತು ತೆಲಂಗಾಣದಲ್ಲಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು ಪತ್ತೆಯಾಗಿವೆ. ಊರವರ ಬಳಿ ಅವಕ್ಕೆ ವಿವರಣೆ ಮೊದಲಿನಿಂದಲೂ ಇತ್ತು. ಹಂಪಿಯ ಎದುರಿನ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗ. ಕುಡತಿನಿಯದು ಭೀಮ ಕೊಂದ ಹಿಡಿಂಬಾಸುರನ ಚಿತೆ.

ವಿಜ್ಞಾನ, ಮಾನವಿಕ, ಸಮಾಜವಿಜ್ಞಾನ ಎಂದು ನಮ್ಮ ವಿಶ್ವವಿದ್ಯಾಲಯಗಳು ಸಂಶೋಧನೆಯನ್ನು ಮೂರು ಕಟ್ಟಡಗಳಿಗೆ ಹಂಚಿ ಬೀಗ ಹಾಕಿವೆ. ಈ ಮೂರರಲ್ಲಿ ಯಾವುದೂ ಒಂಟಿಯಾಗಿ ಬಿಡಿಸಲಾರದ ಸಮಸ್ಯೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಬೂದಿಗುಡ್ಡಗಳನ್ನು. ನೂರೆಂಬತ್ತು ವರ್ಷಗಳಲ್ಲಿ ಇವುಗಳ ಬಗ್ಗೆ ಬರೆದವರಲ್ಲಿ ಸೈನಿಕರಿದ್ದಾರೆ, ಭೂವಿಜ್ಞಾನಿಗಳು, ಪಶುವೈದ್ಯರು, ಸಸ್ಯವಿಜ್ಞಾನಿಗಳು, ಜಾನಪದ ವಿದ್ವಾಂಸರು, ಭಾಷಾವಿಜ್ಞಾನಿಗಳು ಇದ್ದಾರೆ. ಅವರು ಒಬ್ಬರ ತಪ್ಪನ್ನು ಒಬ್ಬರು ತಿದ್ದುತ್ತ ಬಂದರು ಎನ್ನುವುದು ಅರ್ಧ ಸತ್ಯ ಮಾತ್ರ. ಹೊಸಬರು ಬಂದಾಗಲೆಲ್ಲ ಕೇಳುವ ಪ್ರಶ್ನೆಯೇ ಬದಲಾಯಿತು.

ಮೊದಲು ಬರೆದವನು ಮದ್ರಾಸ್ ಸೈನ್ಯದ ಅಧಿಕಾರಿ ನ್ಯೂಬೋಲ್ಡ್. ಅವನ ಲೇಖನ 1843ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಇದೇನು ವಸ್ತು ಎಂಬುದಷ್ಟೇ ಆಗಿನ ಕುತೂಹಲ. ಜ್ವಾಲಾಮುಖಿಯ ಶೇಷವೇ, ಇಟ್ಟಿಗೆ ಗೂಡೇ, ಲೋಹ ಕರಗಿಸಿದ ಕುಲುಮೆಯ ಕಿಟ್ಟವೇ, ಯಜ್ಞದ ಬೂದಿಯೇ? ಮುಂದಿನ ನೂರು ವರ್ಷ ವಿದ್ವಾಂಸರು ಜಗಳವಾಡಿದ್ದು ಹೆಚ್ಚುಕಡಿಮೆ ಈ ಪಟ್ಟಿಯೊಳಗೇ.

ಪಟ್ಟಿಯ ಆಚೆಗೆ ಕಾಲಿಟ್ಟವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಕಂಡುಹಿಡಿದು ಭಾರತದ ಪ್ರಾಗಿತಿಹಾಸಕ್ಕೆ ಬುನಾದಿ ಹಾಕಿದ ಮನುಷ್ಯ. ಸಂಬಳ ಬರುತ್ತಿದ್ದದ್ದು ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ. ಬಳ್ಳಾರಿ ಜಿಲ್ಲೆಯ ಬಂಡೆಗಳನ್ನು ಅಳೆಯುತ್ತ ತಿರುಗುವಾಗ ಬೂದಿಗುಡ್ಡಗಳ ಸುತ್ತ ನಯಗೊಳಿಸಿದ ಕಲ್ಲಿನ ಕೊಡಲಿಗಳೂ ಮಡಕೆಯ ಚೂರುಗಳೂ ಬಿದ್ದಿರುವುದನ್ನು ಕಂಡ. ಕಿಟ್ಟದ ತುಂಡುಗಳನ್ನು ಕೈಗೆತ್ತಿಕೊಂಡು ನೋಡಿದರೆ ಒಳಗೆ ಹುಲ್ಲುಕಡ್ಡಿಯ ಅಚ್ಚು. ಅದು ಸುಟ್ಟ ಸಗಣಿ ಎಂದು ಅವನಿಗೆ ಹೊಳೆಯಿತು. ಆಫ್ರಿಕಾದ ದನಗಾಹಿಗಳು ಮುಳ್ಳುಬೇಲಿ ಹಾಕಿ ದನ ಕೂಡುವ ದೊಡ್ಡಿಗಳ ವರ್ಣನೆ ಓದಿದ್ದ. ಇಲ್ಲಿಯೂ ಅಂಥ ದೊಡ್ಡಿಗಳಿದ್ದಿರಬೇಕು ಎಂದು ಊಹಿಸಿದ. ಪುರಾತತ್ವ ಎಂಬ ಶಿಸ್ತಿನಲ್ಲಿ ಅವನಿಗೆ ತರಬೇತಿ ಇರಲಿಲ್ಲ, ಅಂಥ ತರಬೇತಿಯೇ ಆಗ ಇಲ್ಲಿ ಇರಲಿಲ್ಲ. ಪದರದ ಮೇಲೆ ಪದರ ಓದುವ ಭೂವಿಜ್ಞಾನಿಯ ಅಭ್ಯಾಸವೇ ಅವನನ್ನು ಕಾಪಾಡಿತು ಎಂದು ನನಗನ್ನಿಸುತ್ತದೆ. ಅವನ ಸಂಗ್ರಹ ಈಗಲೂ ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ಫೂಟ್ ಇಷ್ಟು ಹೇಳಿದ ಮೇಲೂ ಮಾತು ಮುಗಿಯಲಿಲ್ಲ. 1899ರಲ್ಲಿ ರಾಬರ್ಟ್ ಸೀವೆಲ್ ಇವು ವಿಜಯನಗರ ಕಾಲದ ಸಾಮೂಹಿಕ ದಹನದ, ಸತಿಯ ಕುರುಹುಗಳಿರಬಹುದು ಎಂದು ವಾದಿಸಿದ. ಮರುವರ್ಷವೇ ವಿಜಯನಗರದ ಇತಿಹಾಸವನ್ನು ಪ್ರಕಟಿಸಿದವನು ಅವನು. ತಾನು ಓದುತ್ತಿದ್ದ ವಿದೇಶಿ ಪ್ರವಾಸಿಗರ ಬರಹಗಳಲ್ಲಿ ಅರಸರ ಚಿತೆಗಳ ವರ್ಣನೆ ತುಂಬಿಕೊಂಡಿರುವಾಗ ಹಂಪಿಯ ಸುತ್ತಿನ ಬೂದಿಯಲ್ಲಿ ಅವನಿಗೆ ಬೇರೇನು ಕಾಣಬೇಕು? ನಗುವುದು ಸುಲಭ. ಆದರೆ ಸಗಣಿಯ ಬೆಂಕಿ ಕಲ್ಲಿನಂಥ ಕಿಟ್ಟವನ್ನು ಹೇಗೆ ಮಾಡೀತು ಎಂಬ ಆಕ್ಷೇಪಕ್ಕೆ ಫೂಟ್‌ನ ಬಳಿಯೂ ಪೂರ್ತಿ ಉತ್ತರ ಇರಲಿಲ್ಲ.

ಉತ್ತರ ಬಂದದ್ದು ಪ್ರಯೋಗಾಲಯದಿಂದ, ಅದೂ 1960ರ ಸುಮಾರಿಗೆ. ಲಂಡನ್ನಿನ ಪುರಾತತ್ವ ಸಂಸ್ಥೆಯಲ್ಲಿ ಪ್ರಾಚೀನ ಪರಿಸರ ಕಲಿಸುತ್ತಿದ್ದ ಎಫ್. ಇ. ಝಾಯ್ನರ್ ಬಳ್ಳಾರಿಯ ಮಾದರಿಗಳನ್ನು ಪರೀಕ್ಷಿಸಿ ಇದು ದನದ ಸಗಣಿಯದೇ ಬೂದಿ ಎಂದು ತೋರಿಸಿದರು. ಇದರ ಒಳಗುಟ್ಟು ಸರಳವಾಗಿದೆ. ಹುಲ್ಲಿನ ಕೋಶಗಳಲ್ಲಿ ಸಿಲಿಕಾ ಇರುತ್ತದೆ, ಅಂದರೆ ಮರಳಿನಲ್ಲಿರುವ ಪದಾರ್ಥವೇ. ದನ ಹುಲ್ಲು ತಿಂದರೂ ಅದು ಜೀರ್ಣವಾಗದೆ ಸಗಣಿಗೆ ಬರುತ್ತದೆ. ಸಗಣಿ ಸುಟ್ಟಾಗ ಉಳಿಯುವ ಕ್ಷಾರ ಆ ಸಿಲಿಕಾ ಕರಗುವ ಉಷ್ಣತೆಯನ್ನು ತಗ್ಗಿಸುತ್ತದೆ. ದೊಡ್ಡ ರಾಶಿಯ ಒಳಗೆ ಕಾವು ಕೂಡಿಹಾಕಿಕೊಂಡು ದಿನಗಟ್ಟಲೆ ಉರಿದರೆ ಗಾಜು ತಾನಾಗಿಯೇ ಆಗುತ್ತದೆ. ಕುಲುಮೆಯೂ ಬೇಡ, ತಿದಿಯೂ ಬೇಡ. ಕೆಲವೇ ವರ್ಷಗಳಲ್ಲಿ ಡೆಕ್ಕನ್ ಕಾಲೇಜಿನ ಮಜುಮ್‌ದಾರ್ ಮತ್ತು ರಾಜಗುರು ಬಳ್ಳಾರಿ ಪಕ್ಕದ ಕಪ್ಪಗಲ್ಲಿನಲ್ಲಿ ಅಗೆದು ಮಣ್ಣಿನ ವಿಶ್ಲೇಷಣೆಯ ದಾರಿಯನ್ನು ಇನ್ನಷ್ಟು ಗಟ್ಟಿ ಮಾಡಿದರು. ಏನು ವಸ್ತು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇಡೀ ಕಥೆಯಲ್ಲಿ ಪೂರ್ತಿಯಾಗಿ ಮುಗಿದ ಪ್ರಶ್ನೆ ಇದೊಂದೇ.

ಯಾರು, ಯಾವಾಗ ಎಂಬುದು ಉಳಿಯಿತು. ಬಿ. ಸುಬ್ಬರಾವ್ 1946ರಲ್ಲಿ ಸಂಗನಕಲ್ಲಿನಲ್ಲಿ ಅಗೆದು ಬಳ್ಳಾರಿಯ ಶಿಲಾಯುಗಕ್ಕೆ ಒಂದು ಕ್ರಮ ಕೊಟ್ಟಿದ್ದರು. ಮರುವರ್ಷ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದರು. ಎಂ. ಎಚ್. ಕೃಷ್ಣ ಅದಕ್ಕೂ ಮೊದಲೇ ಅಲ್ಲಿ ಕೆಲಸ ಮಾಡಿದ್ದರು. ಕಲ್ಲುಕೊಡಲಿಯ ಜನ ಕ್ರಿಸ್ತಪೂರ್ವ ಮೊದಲ ಸಹಸ್ರಮಾನದವರು ಎಂಬ ವ್ಹೀಲರರ ತೀರ್ಮಾನಕ್ಕೆ ಅವರ ಹೆಸರಿನ ತೂಕವೂ ಸೇರಿ ಕೆಲಕಾಲ ಅದೇ ನಡೆಯಿತು. ಅದನ್ನು ಉರುಳಿಸಿದ್ದು ಭೌತಶಾಸ್ತ್ರ. ರೇಡಿಯೋ ಕಾರ್ಬನ್ ವಿಧಾನ ಬಂದದ್ದು 1949ರಲ್ಲಿ. ರೇಮಂಡ್ ಆಲ್ಚಿನ್ 1957ರಲ್ಲಿ ಉಟ್ನೂರಿನ ಬೂದಿಗುಡ್ಡ ಅಗೆದಾಗ ಅಲ್ಲಿನ ಇದ್ದಿಲಿನ ಕಾಲ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನಕ್ಕೆ ಹೋಯಿತು. ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ!

ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಆ ಅಗೆತದ ಬಗ್ಗೆ ಸ್ವಲ್ಪ ನಿಲ್ಲಬೇಕು. ಆಲ್ಚಿನ್‌ಗೆ ಸಿಕ್ಕಿದ್ದು ಬೂದಿ ಮಾತ್ರವಲ್ಲ. ದೊಡ್ಡಿಯ ಸುತ್ತ ಒತ್ತಾಗಿ ನೆಟ್ಟ ಗೂಟಗಳ ಕುಳಿಗಳು ಸಾಲಾಗಿ ಸಿಕ್ಕವು. ಒಳಗಿನ ನೆಲದಲ್ಲಿ ದನಗಳ ಗೊರಸಿನ ಗುರುತುಗಳು ಹಾಗೆಯೇ ಉಳಿದಿದ್ದವು. ಫೂಟ್ ಊಹಿಸಿದ ದೊಡ್ಡಿ ಕಣ್ಣೆದುರಿಗೇ ಇತ್ತು. ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಬಗ್ಗೆ ಆಲ್ಚಿನ್ 1963ರಲ್ಲಿ ಪ್ರಕಟಿಸಿದ ಪುಸ್ತಕ ಇಲ್ಲಿಂದಾಚೆಗೆ ಮಾನವಶಾಸ್ತ್ರಕ್ಕೆ ಜಿಗಿಯುತ್ತದೆ. ದೊಡ್ಡಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದೇಕೆ? ಅದು ಆಕಸ್ಮಿಕವಲ್ಲ, ಋತು ತಿರುಗುವಾಗ ಮಾಡುತ್ತಿದ್ದ ಆಚರಣೆ ಎನ್ನುತ್ತಾರೆ ಅವರು. ಇವತ್ತಿನ ಬೆಂಕಿಹಬ್ಬಗಳನ್ನೂ ದನಗಳನ್ನು ಬೆಂಕಿ ದಾಟಿಸುವ ಪದ್ಧತಿಗಳನ್ನೂ ಸಾಕ್ಷಿಗೆ ಕರೆಯುತ್ತಾರೆ. ಸಂಕ್ರಾಂತಿಯ ಸಂಜೆ ಮಂಡ್ಯ, ಮೈಸೂರಿನ ಕಡೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದ ಯಾರಿಗಾದರೂ ಈ ವಾದ ಥಟ್ಟನೆ ಹಿಡಿಸುತ್ತದೆ. ನನಗೂ ಹಿಡಿಸಿತ್ತು. ಆದರೆ ನಡುವೆ ನಾಲ್ಕು ಸಾವಿರ ವರ್ಷಗಳಿವೆ, ಆ ಉದ್ದಕ್ಕೂ ಸೇತುವೆಯಾಗುವ ಒಂದೂ ಪುರಾವೆಯಿಲ್ಲ. ಹೋಲಿಕೆ ಎಷ್ಟು ಸುಂದರವಾಗಿದ್ದರೂ ಅದನ್ನು ಸಾಧ್ಯತೆ ಎಂದು ಮಾತ್ರ ಇಟ್ಟುಕೊಳ್ಳಬೇಕು.

ಅರವತ್ತರ ದಶಕದಲ್ಲಿ ಕರ್ನಾಟಕದ ಅಗೆತಗಳಲ್ಲಿ ಶಾಸ್ತ್ರಗಳು ಬೆರೆಯುವ ರೀತಿ ಬದಲಾಯಿತು. ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಜೊತೆ ಇದ್ದವರು ದೈಹಿಕ ಮಾನವಶಾಸ್ತ್ರದ ಕೆ. ಸಿ. ಮಲ್ಹೋತ್ರಾ, 1965ರ ಅವರ ವರದಿಗೆ ಇಬ್ಬರೂ ಲೇಖಕರು. ತುಂಗಭದ್ರೆಯ ದಡದ ಹಳ್ಳೂರಿನ ಮೂಳೆಗಳನ್ನು ಗುರುತಿಸಿದವರು ಕೆ. ಆರ್. ಆಲೂರ, ವೃತ್ತಿಯಿಂದ ಪಶುವೈದ್ಯರು. ಅವುಗಳಲ್ಲಿ ಕುದುರೆಯ ಮೂಳೆಯೂ ಇದೆ ಎಂದು ಅವರು ಹೇಳಿದ್ದು ಆಮೇಲೆ ಆರ್ಯರ ಮೂಲದ ಬಗ್ಗೆ ದೆಹಲಿಯ ರಾಜಕೀಯದ ತನಕ ಹೋದ ವಾದಗಳಲ್ಲಿ ಸಿಕ್ಕಿಕೊಂಡಿತು. ಅದು ಬೇರೆಯೇ ಲೇಖನದ ವಿಷಯ.

ಈ ಕ್ಷೇತ್ರದ ಅತ್ಯಂತ ಗಟ್ಟಿ ಕೆಲಸ ಯಾವುದು ಎಂದರೆ ನಾನು ಕೆ. ಪದ್ದಯ್ಯ ಅವರ ಹೆಸರು ಹೇಳುತ್ತೇನೆ. ಅರವತ್ತರ ದಶಕದಲ್ಲಿ ಕೊಡೇಕಲ್ಲಿನಲ್ಲಿ ಶುರುಮಾಡಿ ಸುರಪುರ ಸೀಮೆಯನ್ನು ದಶಕಗಳ ಕಾಲ ತಿರುಗಿದವರು. ತೊಂಬತ್ತರ ದಶಕದಲ್ಲಿ ಬೂದಿಹಾಳದಲ್ಲಿ ಅವರು ಮಾಡಿದ ಬದಲಾವಣೆ ಹೇಳಿದರೆ ಸಣ್ಣದು ಅನ್ನಿಸುತ್ತದೆ: ದಿಬ್ಬವನ್ನು ಅಗೆಯುವ ಬದಲು ದಿಬ್ಬದ ಅಕ್ಕಪಕ್ಕ ಅಗಲವಾಗಿ ಅಗೆದರು. ಮನೆಗಳ ನೆಲ ಸಿಕ್ಕಿತು, ಮಕ್ಕಳ ಸಮಾಧಿಗಳು ಸಿಕ್ಕವು, ಕಲ್ಲಿನ ಉಪಕರಣ ಮಾಡುವ ಜಾಗ ಸಿಕ್ಕಿತು, ದನ ಕಡಿದು ಮಾಂಸ ಹಂಚುತ್ತಿದ್ದ ದೊಡ್ಡದೊಂದು ನೆಲ ಸಿಕ್ಕಿತು. ಪಿ. ಕೆ. ಥಾಮಸ್ ಮೂಳೆಗಳನ್ನು ಓದಿದರು. ಬೂದಿಗುಡ್ಡ ಒಂದು ವಿಚಿತ್ರ ಸ್ಮಾರಕವಲ್ಲ, ಊರಿನ ತಿಪ್ಪೆ. ಊರು ಅದರ ಸುತ್ತ ಬದುಕುತ್ತಿತ್ತು. ಎಂಬತ್ತು ತೊಂಬತ್ತರಲ್ಲಿ ಭಾರತದ ಪುರಾತತ್ವಕ್ಕೆ ಸಮಾಜವಿಜ್ಞಾನದ ಪ್ರಶ್ನೆಗಳು ಬೇಕು ಎಂದು ಪಟ್ಟುಹಿಡಿದು ಬರೆದವರಲ್ಲಿ ಪದ್ದಯ್ಯ ಒಬ್ಬರು. ಆ ಸಿದ್ಧಾಂತದ ಬರಹಗಳು ಓದಲು ಒರಟು. ಬೂದಿಹಾಳದಲ್ಲಿ ಅವು ಏನು ಹೇಳುತ್ತಿದ್ದವು ಎಂಬುದು ನೆಲದ ಮೇಲೆ ಕಾಣುತ್ತದೆ.

ದನಗಾಹಿಗಳು ತಿನ್ನುತ್ತಿದ್ದದ್ದೇನು? ಇದನ್ನು ಕೇಳಲು ಸಸ್ಯವಿಜ್ಞಾನ ಬರಬೇಕಾಯಿತು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟ ಕಾಳುಗಳು ತೇಲುತ್ತವೆ, ಸಣ್ಣ ಜರಡಿಯಲ್ಲಿ ಹಿಡಿದು ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಡಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಜೊತೆಗಾರರು ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ಹೀಗೆ ಹುಡುಕಿದಾಗ ಸಿಕ್ಕಿದ ಮುಖ್ಯ ಬೆಳೆಗಳು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಯ ಒಂದು ಸಣ್ಣ ಕಾಳು. ಎಲ್ಲವೂ ಮುಂಗಾರು ನಂಬಿ ಒಣನೆಲದಲ್ಲಿ ಬೆಳೆಯುವಂಥವು. ಗೋಧಿ, ಜವೆ ಉತ್ತರದಿಂದ ಬಂದ ಅತಿಥಿಗಳು, ಅಲ್ಲಲ್ಲಿ ಮಾತ್ರ. ರಾಗಿ ಆಫ್ರಿಕಾ ಮೂಲದ್ದು, ಇಲ್ಲಿಗೆ ಬಂದದ್ದು ತಡವಾಗಿ; ಅದರ ಹಳೆಯ ವರದಿಗಳು ಹಲವು ಬೇರೆ ಕಾಳನ್ನು ರಾಗಿ ಎಂದುಕೊಂಡವು ಎಂದು ಫುಲ್ಲರ್ ತೋರಿಸಿದ್ದಾರೆ. ರಾಗಿಯೇ ನಮ್ಮ ಆದಿ ಧಾನ್ಯ ಎಂದು ಭಾಷಣ ಮಾಡುವವರು ಕೊರಲೆಯ ಕಡೆ ಒಮ್ಮೆ ತಿರುಗಿ ನೋಡಬೇಕು. ಒಟ್ಟಿನಲ್ಲಿ ದನದ ಜೊತೆ ಹೊಲವೂ ಇತ್ತು. ದಕ್ಷಿಣ ಭಾರತವೇ ತನ್ನ ಬೆಳೆಗಳನ್ನು ಪಳಗಿಸಿದ ಒಂದು ಸ್ವತಂತ್ರ ಕೇಂದ್ರ ಎಂಬ ವಾದಕ್ಕೆ ಈ ಸುಟ್ಟ ಕಾಳುಗಳೇ ಆಧಾರ.

ಕಾಳಿನ ಬೆನ್ನಿಗೆ ಭಾಷಾವಿಜ್ಞಾನ ಬಂತು. ನಮ್ಮ ಹೆಸರು, ತಮಿಳಿನ ಪಯರು, ತೆಲುಗಿನ ಪೆಸಲು ಒಂದೇ ಬೇರಿನವು. ಬೇರೆಬೇರೆ ದ್ರಾವಿಡ ಭಾಷೆಗಳಲ್ಲಿ ಹೀಗೆ ಉಳಿದ ಬೆಳೆಯ ಹೆಸರುಗಳಿಂದ ಮೂಲ ಭಾಷಿಕರ ಬದುಕನ್ನು ಊಹಿಸುವ ಕೆಲಸವನ್ನು ಫ್ರಾಂಕ್ಲಿನ್ ಸೌತ್‌ವರ್ತ್ ಮಾಡಿದರು, ಫುಲ್ಲರ್ ಅದನ್ನು ಅಗೆತದ ಪಟ್ಟಿಯ ಪಕ್ಕ ಇಟ್ಟರು. 2018ರಲ್ಲಿ ಇಪ್ಪತ್ತು ದ್ರಾವಿಡ ಭಾಷೆಗಳ ಶಬ್ದಗಳನ್ನು ಸಂಖ್ಯಾಶಾಸ್ತ್ರದ ಮಾದರಿಗೆ ಹಾಕಿದ ಅಧ್ಯಯನವೊಂದು ಈ ಕುಟುಂಬದ ವಯಸ್ಸನ್ನು ಸುಮಾರು 4500 ವರ್ಷ ಎಂದಿತು, ಅಂದರೆ ಹೆಚ್ಚುಕಡಿಮೆ ಬೂದಿಗುಡ್ಡಗಳ ಕಾಲ. ಆಕರ್ಷಕ ಹೊಂದಾಣಿಕೆ. ಆದರೆ ಮಡಕೆ ಮಾತಾಡುವುದಿಲ್ಲ. ಬೂದಿಹಾಳದ ಜನ ಮನೆಯಲ್ಲಿ ಯಾವ ನುಡಿ ಆಡುತ್ತಿದ್ದರು ಎಂದು ಖಚಿತವಾಗಿ ಹೇಳುವವರನ್ನು ನಾನು ಅನುಮಾನದಿಂದಲೇ ಕೇಳುತ್ತೇನೆ.

ಜಾನಪದದವರ ಪ್ರವೇಶ ಇದಕ್ಕೂ ಹಿಂದಿನದು. ಎಂ. ಎಲ್. ಕೆ. ಮೂರ್ತಿ ಮತ್ತು ಗುಂಟರ್ ಸೊಂಥೈಮರ್ 1980ರಲ್ಲಿ ಬರೆದ ಲೇಖನ ದಖ್ಖನಿನ ಪಶುಪಾಲಕರ ಮೌಖಿಕ ಕಥನಗಳನ್ನು, ದೈವಗಳನ್ನು ಪ್ರಾಗಿತಿಹಾಸದ ಪಕ್ಕ ಇಟ್ಟು ನೋಡಿತು. ಕನ್ನಡದಲ್ಲಿ ಹಾಲುಮತದ, ಮೈಲಾರನ, ಕಾಡುಗೊಲ್ಲರ ಜುಂಜಪ್ಪನ ಮೇಲೆ ಬೆಳೆದಿರುವ ಅಧ್ಯಯನ ಸಣ್ಣದಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಿಂಬಾಪುರದ ದಿಬ್ಬ ದೂರವೂ ಅಲ್ಲ. ಆದರೂ ನಮ್ಮ ಜಾನಪದ ಪುಸ್ತಕಗಳಲ್ಲಿ ಬೂದಿಗುಡ್ಡಗಳ ಹೊಸ ಸಂಶೋಧನೆ, ಬೂದಿಗುಡ್ಡಗಳ ಇಂಗ್ಲಿಷ್ ಲೇಖನಗಳಲ್ಲಿ ಕನ್ನಡದ ಜುಂಜಪ್ಪ, ಎರಡೂ ಕಾಣುವುದು ಅಪರೂಪ.

ಈ ಶತಮಾನದಲ್ಲಿ ಕೇಳುವ ಪ್ರಶ್ನೆ ಅರ್ಥದ ಕಡೆ ಹೊರಳಿದೆ. ಪೀಟರ್ ಜೊಹಾನ್ಸೆನ್ 2004ರಲ್ಲಿ ಇವನ್ನು ಬರೀ ತಿಪ್ಪೆ ಎನ್ನಲಾಗದು, ಜನ ಬೇಕೆಂದೇ ಎತ್ತರಿಸಿದ ಸ್ಮಾರಕಗಳು ಎಂದು ವಾದಿಸಿದರು. ಅದೇ ಸುಮಾರಿಗೆ ನಿಕೋಲ್ ಬೊಯಿವಿನ್ ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ಕೆತ್ತಿದ ಡುಬ್ಬದ ಗೂಳಿಗಳ ಜೊತೆಗೆ, ತಟ್ಟಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳ ಬಗ್ಗೆಯೂ ಬರೆದರು. ಆ ನಾದದ ಕಲ್ಲುಗಳನ್ನು 1892ರಲ್ಲೇ ಫಾಸೆಟ್ ಗಮನಿಸಿದ್ದ. ಇಲ್ಲಿಗೆ ಬಂದಾಗ ಬೂದಿ, ಚಿತ್ರ, ಶಬ್ದ ಎಲ್ಲವೂ ಒಂದೇ ಆಚರಣೆಯ ತುಣುಕುಗಳಾಗಿ ಕಾಣತೊಡಗುತ್ತವೆ. ಹೀಗೆ ಎಲ್ಲವೂ ಚೆಂದವಾಗಿ ಕೂಡಿಕೊಂಡಾಗ ನನಗೆ ಪದ್ದಯ್ಯನವರ ತಿಪ್ಪೆಯ ನೆನಪಾಗುತ್ತದೆ.

ಜಗಳಕ್ಕೆ ಹೊಸ ಅಳತೆ ತಂದದ್ದು ಮತ್ತೆ ಭೌತಶಾಸ್ತ್ರವೇ. ಫುಲ್ಲರ್, ಬೊಯಿವಿನ್, ಕೋರಿಶೆಟ್ಟರ್ 2007ರಲ್ಲಿ ಪ್ರಕಟಿಸಿದ ಹೊಸ ಕಾಲನಿರ್ಣಯಗಳು ಬೂದಿಗುಡ್ಡಗಳ ಯುಗ ಉದ್ದವಾದರೂ ಒಂದೊಂದು ದಿಬ್ಬ ಬೆಳೆದ ಅವಧಿ ನಾವು ಅಂದುಕೊಂಡಿದ್ದಕ್ಕಿಂತ ಚಿಕ್ಕದಿರಬಹುದು ಎಂದು ಸೂಚಿಸುತ್ತವೆ. ಕೆಲವೇ ತಲೆಮಾರುಗಳಲ್ಲಿ ಇಷ್ಟು ಸಗಣಿ ಕೂಡಬೇಕಾದರೆ ಎಷ್ಟು ದನ, ಎಷ್ಟು ಕುಟುಂಬ ಎಂಬ ಲೆಕ್ಕ ಮತ್ತೆ ಶುರುವಾಗುತ್ತದೆ. ಕೃಷಿಯ ಇತಿಹಾಸ ಬರೆಯುವವರಿಗೆ ಇನ್ನೊಂದು ತೊಡಕಿದೆ: ಹುರುಳಿ, ಕೊರಲೆ ಬಿತ್ತುತ್ತಿದ್ದ ಜನ ಹೊಲಕ್ಕೆ ಹಾಕಬಹುದಾಗಿದ್ದ ಗೊಬ್ಬರವನ್ನು ಗುಡ್ಡ ಮಾಡಿ ಸುಟ್ಟದ್ದೇಕೆ? ರೋಗದ ಭಯ, ಹಬ್ಬ, ಹೆಗ್ಗಳಿಕೆ, ಆಕಸ್ಮಿಕ ಎಂದು ನಾಲ್ಕೂ ಕಡೆ ವಾದವಿದೆ. ಇದನ್ನು ತೀರ್ಮಾನಿಸಬಲ್ಲ ಪದರಗಳಲ್ಲಿ ಒಂದಷ್ಟನ್ನು ಈಗಿನ ರೈತರು ಗೊಬ್ಬರಕ್ಕೆಂದು ಗಾಡಿಗೆ ತುಂಬಿದ್ದಾರೆ, ಕಪ್ಪಗಲ್ಲಿನ ಬಂಡೆಗಳ ಹತ್ತಿರಕ್ಕೆ ಕಲ್ಲು ಗಣಿಗಳು ಬಂದಿವೆ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಮ್ಯೂಸಿಯಂ ಒಂದಿದೆ. ಬೂದಿಗುಡ್ಡ ನೋಡಹೋಗುವವರು ಅಲ್ಲಿಂದ ಶುರುಮಾಡಬಹುದು.