ಶೀತಲ ಟ್ರೇಲರ್: ಸುರಕ್ಷತಾ ಸಾಧನಗಳು ಮತ್ತು ಪ್ರಯಾಣಪೂರ್ವ ತಪಾಸಣೆ

ಹೊಸೂರಿನ ಗುಲಾಬಿ, ಸೋಲಾಪುರದ ದಾಳಿಂಬೆ, ಕಾಸರಗೋಡು ಕರಾವಳಿಯ ಮೀನು ದೂರದ ಮಾರುಕಟ್ಟೆಯನ್ನು ಕೆಡದೆ ತಲುಪಬೇಕಾದರೆ ದಾರಿಯುದ್ದಕ್ಕೂ ತಂಪು ಉಳಿಯಬೇಕು. ದೊಡ್ಡ ಪ್ರಮಾಣದ ಸಾಗಣೆಯಲ್ಲಿ ಈ ಕೆಲಸವನ್ನು ನಿರ್ವಹಿಸುವುದು ಶೀತಲ ಟ್ರೇಲರ್. ಚಾಲಕರ ಮಾತಿನಲ್ಲಿ 'ರೀಫರ್'. ಯಂತ್ರದ ಮೇಲಿನ ಎಚ್ಚರಿಕೆಯ ಬರಹಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಲಾರಿಯನ್ನೇ ನಂಬಿದ ಮನೆಗಳ ಹಿರಿಯರಿಗೂ ಮಕ್ಕಳಿಗೂ ಉಪಯೋಗವಾಗಲೆಂದು ಅವುಗಳ ತಿರುಳನ್ನು ಇಲ್ಲಿ ಕನ್ನಡದಲ್ಲಿ ನೀಡುತ್ತಿದ್ದೇವೆ.

ಯಂತ್ರದ ಸ್ವರೂಪ

ಟ್ರೇಲರಿನ ಮುಂಗೋಡೆಗೆ ಜೋಡಿಸಿದ ಘಟಕದಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಡೀಸೆಲ್ ಎಂಜಿನ್ ಇರುತ್ತದೆ. ಅದು ಕಂಪ್ರೆಸರನ್ನು ತಿರುಗಿಸುತ್ತದೆ. ಒತ್ತಡಕ್ಕೊಳಗಾಗಿ ಬಿಸಿಯಾದ ಶೀತಕ ಅನಿಲವು ಕಂಡೆನ್ಸರಿನಲ್ಲಿ ಶಾಖವನ್ನು ಹೊರಗಾಳಿಗೆ ಬಿಟ್ಟು ದ್ರವವಾಗುತ್ತದೆ. ಬಳಿಕ ಪೆಟ್ಟಿಗೆಯ ಒಳಬದಿಯ ಇವ್ಯಾಪರೇಟರಿನಲ್ಲಿ ಆವಿಯಾಗುತ್ತ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ.

ರಸ್ತೆಯ ಕುಲುಕಾಟವನ್ನು ತಾಳಬಲ್ಲ ಇಂತಹ ಘಟಕವನ್ನು ಅಮೆರಿಕದ ಮಿನ್ನಿಯಾಪೊಲಿಸ್ ನಗರದಲ್ಲಿ 1938ರ ಸುಮಾರಿಗೆ ರೂಪಿಸಿದವರು ಫ್ರೆಡೆರಿಕ್ ಮೆಕಿನ್ಲಿ ಜೋನ್ಸ್. ಬಾಲ್ಯದಲ್ಲೇ ಶಾಲೆ ತೊರೆದ ಅವರು ಸ್ವಂತ ಓದಿನಿಂದ ಯಂತ್ರಶಾಸ್ತ್ರವನ್ನು ಕಲಿತರು. ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವು 1991ರಲ್ಲಿ ಅವರಿಗೆ ಮರಣೋತ್ತರವಾಗಿ ಸಂದಿತು.

ಸುರಕ್ಷತಾ ಸಾಧನಗಳು

ಅಧಿಕ ಒತ್ತಡದ ಸ್ವಿಚ್: ಕಂಡೆನ್ಸರಿಗೆ ಧೂಳು ಮೆತ್ತಿ ಶಾಖ ಹೊರಹೋಗದಿದ್ದರೆ ಶೀತಕದ ಒತ್ತಡ ಏರುತ್ತದೆ. ಆರ್-404ಎ ಶೀತಕದ ಅನೇಕ ಘಟಕಗಳಲ್ಲಿ ಒತ್ತಡವು ಸುಮಾರು 470 ಪಿ.ಎಸ್.ಐ. ಮುಟ್ಟಿದಾಗ ಈ ಸ್ವಿಚ್ ಘಟಕವನ್ನು ನಿಲ್ಲಿಸುತ್ತದೆ. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡ ಸುಮಾರು 30 ಪಿ.ಎಸ್.ಐ. ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿದೀತು.

ಒತ್ತಡ ಬಿಡುಗಡೆ ಕವಾಟ: ಸ್ವಿಚ್ ಕೈಕೊಟ್ಟು ಒತ್ತಡ ಇನ್ನೂ ಏರಿದರೆ ಈ ಕವಾಟ ತೆರೆದುಕೊಂಡು ಶೀತಕವನ್ನು ಹೊರಬಿಡುತ್ತದೆ, ಕೊಳವೆ ಸಿಡಿಯದಂತೆ ಕಾಯುತ್ತದೆ.

ಎಂಜಿನ್ ರಕ್ಷಕಗಳು: ಆಯಿಲ್ ಒತ್ತಡ ಕುಸಿದರೆ ಅಥವಾ ಕೂಲಂಟ್ ಮಿತಿಮೀರಿ ಕಾದರೆ ಇವು ಎಂಜಿನನ್ನು ನಿಲ್ಲಿಸುತ್ತವೆ.

ಫ್ಯೂಸುಗಳು: ವಿದ್ಯುತ್ ಪ್ರವಾಹ ಮಿತಿಮೀರಿದಾಗ ತಾವು ಕರಗಿ, ತಂತಿಗೆ ಬೆಂಕಿ ತಗುಲದಂತೆ ತಡೆಯುತ್ತವೆ.

ಇವುಗಳಲ್ಲಿ ಯಾವುದೇ ಸಾಧನ ಘಟಕವನ್ನು ನಿಲ್ಲಿಸಿದರೆ ಅದು ತನ್ನ ಕರ್ತವ್ಯ ಮಾಡಿದೆಯೆಂದೇ ಮೊದಲು ತಿಳಿಯಬೇಕು. ಸರಕು ಕೆಟ್ಟೀತೆಂಬ ಆತುರದಲ್ಲಿ ಸ್ವಿಚ್ಚಿನ ತಂತಿಗಳನ್ನು ನೇರವಾಗಿ ಜೋಡಿಸುವುದು, ಹೆಚ್ಚು ಆಂಪಿಯರಿನ ಫ್ಯೂಸ್ ಹಾಕುವುದು, ದೋಷಸಂಕೇತವನ್ನು ಬರೆದಿಟ್ಟುಕೊಳ್ಳದೆ ಅಳಿಸಿ ಮತ್ತೆ ಚಾಲೂ ಮಾಡುವುದು ಕೂಡದು. ಒಂದು ಲೋಡು ಹಾಳಾದರೆ ನಷ್ಟ ತುಂಬಿಕೊಳ್ಳಬಹುದು. ಸಿಡಿದ ಕೊಳವೆಯ ಮುಂದೆ ನಿಂತವನ ಕಣ್ಣನ್ನು ಮರಳಿ ತರಲಾಗದು. ದ್ರವರೂಪದ ಶೀತಕ ಚರ್ಮಕ್ಕೆ ತಾಗಿದರೆ ಹಿಮಗಾಯವಾಗುತ್ತದೆ. ಬೆಂಕಿಗೆ ಸಿಕ್ಕ ಶೀತಕ ವಿಷಾನಿಲವನ್ನು ಉಂಟುಮಾಡುತ್ತದೆ.

ಪ್ರಯಾಣಪೂರ್ವ ತಪಾಸಣೆ

ಮೊದಲ ನಿಯಮ: ಘಟಕದ ಬಾಗಿಲು ತೆರೆಯುವ ಮುನ್ನ ಸ್ವಿಚ್ಚನ್ನು 'ಆಫ್' ಸ್ಥಾನಕ್ಕೆ ತರಬೇಕು. ತಾನಾಗಿ ನಿಂತು ತಾನಾಗಿ ಹೊರಡುವ ಕ್ರಮದಲ್ಲಿರುವ ಘಟಕವು, ನಿಂತಂತೆ ಕಂಡರೂ ಯಾವ ಕ್ಷಣದಲ್ಲಾದರೂ ಚಾಲೂ ಆಗಬಲ್ಲದು. ಬೆಲ್ಟಿಗೂ ಫ್ಯಾನಿಗೂ ಬೆರಳು ಸಿಕ್ಕಿಕೊಳ್ಳುವುದು ಹೀಗೆಯೇ.

1. ಡೀಸೆಲ್, ಎಂಜಿನ್ ಆಯಿಲ್ ಮತ್ತು ಕೂಲಂಟ್ ಮಟ್ಟ ನೋಡುವುದು. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದು.
2. ಬೆಲ್ಟಿನ ಬಿಗಿ ಹಾಗೂ ಬಿರುಕು, ಬ್ಯಾಟರಿಯ ಟರ್ಮಿನಲ್, ಸಡಿಲ ತಂತಿ, ಸೋರಿಕೆಯ ಎಣ್ಣೆ ಕಲೆ ಪರೀಕ್ಷಿಸುವುದು.
3. ಕಂಡೆನ್ಸರಿನ ಧೂಳು ತೆಗೆಯುವುದು. ಒಳಗಿನ ನೀರು ಹೊರಹೋಗುವ ಕೊಳವೆಗಳು ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳುವುದು.
4. ಬಾಗಿಲಿನ ರಬ್ಬರು, ಕೀಲು, ಗೋಡೆಯ ಬಿರುಕುಗಳನ್ನು ನೋಡುವುದು. ಒಳಗಿನಿಂದ ಬಾಗಿಲು ತೆರೆಯುವ ಹಿಡಿ ಇದ್ದರೆ ಹೊರಗೊಬ್ಬರನ್ನು ನಿಲ್ಲಿಸಿ ಪರೀಕ್ಷಿಸುವುದು.
5. ಘಟಕವನ್ನು ಚಾಲೂ ಮಾಡಿ, ಅದರಲ್ಲಿರುವ ಸ್ವಯಂಪರೀಕ್ಷೆಯನ್ನು ನಡೆಸುವುದು, ದೋಷಸಂಕೇತಗಳನ್ನು ಬರೆದುಕೊಳ್ಳುವುದು.
6. ಸರಕಿಗೆ ತಕ್ಕ ತಾಪಮಾನ ನಿಗದಿಪಡಿಸಿ ಖಾಲಿ ಪೆಟ್ಟಿಗೆಯನ್ನು ಮೊದಲೇ ತಂಪು ಮಾಡುವುದು. ಹೆಪ್ಪುಗಟ್ಟಿಸಿದ ಮೀನಿಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಇನ್ನೂ ಕಡಿಮೆ, ಬಾಳೆಕಾಯಿಗೆ ಸುಮಾರು 13 ಡಿಗ್ರಿ ಬೇಕು.

ರೀಫರ್ ಇರುವುದು ಸರಕಿನ ತಂಪನ್ನು ಕಾಯ್ದುಕೊಳ್ಳಲು. ಬಿಸಿ ಸರಕನ್ನು ತಂಪುಗೊಳಿಸಲಲ್ಲ. ಆದ್ದರಿಂದ ಸರಕಿನ ತಾಪಮಾನವನ್ನೂ ಅಳೆದೇ ತುಂಬಬೇಕು. ತುಂಬುವಾಗ ಘಟಕ ನಿಂತಿರಬೇಕು. ಇಲ್ಲವಾದರೆ ಹೊರಗಿನ ತೇವದ ಗಾಳಿ ಒಳನುಗ್ಗಿ ಇವ್ಯಾಪರೇಟರಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಚಾವಣಿಯ ಕೆಳಗೂ ಹಿಂಬಾಗಿಲ ಬಳಿಯೂ ಗಾಳಿಯಾಡಲು ಜಾಗ ಬಿಡಬೇಕು.

ಮಕ್ಕಳಿಗೊಂದು ಮಾತು

ಬಾಗಿಲು ಮುಚ್ಚಿದ ಶೀತಲ ಪೆಟ್ಟಿಗೆಯೊಳಗೆ ಹೊರಗಾಳಿ ಬಾರದು. ಒಳಗಿನ ಕೂಗು ಹೊರಗೆ ಸರಿಯಾಗಿ ಕೇಳಿಸದು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ 2019ರ ಅಕ್ಟೋಬರಿನಲ್ಲಿ ಇಂತಹ ಟ್ರೇಲರೊಂದರೊಳಗೆ 39 ವಿಯೆಟ್ನಾಮೀಯರು ಶವವಾಗಿ ದೊರೆತರು. ತಂಪು ಯಂತ್ರ ಚಾಲೂ ಇರಲಿಲ್ಲ. ಉಸಿರುಗಟ್ಟಿ, ಶಾಖಕ್ಕೆ ಸಿಲುಕಿ ಅವರು ಮಡಿದರು. ನಿಂತಿರುವ ರೀಫರಿನೊಳಗೆ ಆಟಕ್ಕೂ ಅಡಗಲಿಕ್ಕೂ ಹೋಗಬಾರದು. ದೊಡ್ಡವರು ಬೀಗ ಹಾಕುವ ಮುನ್ನ ಒಳಹೊಕ್ಕು ಮೂಲೆಮೂಲೆಯನ್ನೂ ನೋಡಬೇಕು.

ಮೇಲಿನ ಆರು ಅಂಶಗಳನ್ನು ಮಕ್ಕಳು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಪ್ಪನ ಅಥವಾ ಮಾವನ ಕೈಗೆ ಕೊಟ್ಟರೆ, ಅದು ಕ್ಯಾಬಿನ್ನಿನಲ್ಲಿ ಅಂಟಿಸಿಡಲು ಯೋಗ್ಯವಾದ ಹಾಳೆಯಾದೀತೆಂದು ನಾವು ನಂಬಿದ್ದೇವೆ. ಆಯಾ ಘಟಕದ ಕೈಪಿಡಿಯಲ್ಲಿ ಬೇರೆ ಸೂಚನೆಯಿದ್ದರೆ ಅದನ್ನೇ ಅನುಸರಿಸಬೇಕು.